ಎಕ್ಸಿಕ್ಯುಟಿವ್ ಅಳತೆ

ಬೈಯಪ್ಪನಹಳ್ಳಿಯ ನಮ್ಮ ಆಫೀಸಿನಲ್ಲಿ ಒಂದೇ ಸರ್ವರನ್ನು ಹಂಚಿಕೊಳ್ಳುವ ಯಾವ ವರ್ಚುವಲ್ ಮೆಷಿನ್‌ಗೆ ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಎಂದು ಗೊತ್ತುಮಾಡುವವಳು ನಾನು. ಸ್ಮಾಲ್, ಮೀಡಿಯಂ, ಲಾರ್ಜ್ ಎಂಬ ಮೂರು ಪ್ರೊಫೈಲ್‌ಗಳಿದ್ದವು. ಎಲ್ಲರೂ ಲಾರ್ಜ್ ಹಿಡಿದು ಕೂತಿದ್ದರಿಂದ ನಮ್ಮ ಸರ್ವರ್‌ನಲ್ಲಿ ಹೊಸದಾಗಿ ಕೆಲಸ ಒಪ್ಪಿಸಿದ ಆಸ್ಪತ್ರೆಯೊಂದರ ಲ್ಯಾಬ್ ರಿಪೋರ್ಟುಗಳಿಗೆ ಜಾಗವೇ ಇರಲಿಲ್ಲ. ರೋಗಿಗಳ ಮಾಹಿತಿಯನ್ನು ಹೊರಗಿನ ಕ್ಲೌಡಿಗೆ ಕಳಿಸುವಂತೆಯೂ ಇರಲಿಲ್ಲ.

ಹಾಜರಾತಿ ಪ್ರೋಗ್ರಾಂ ನೋಡಿಕೊಳ್ಳುವ ಸುರೇಶ್‌ಗೆ, "ನಿಮಗೆ ಸ್ಮಾಲ್ ಸಾಕು" ಎಂದೆ.

"ಮೇಡಂ, ಜೂನಿಯರ್ಸ್ ಎಲ್ಲಾ ಲಾರ್ಜಲ್ಲಿದ್ದಾರೆ. ನಾನು ಸ್ಮಾಲ್‌ಗೆ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಕಾನ್ವೆಂಟಿನಲ್ಲಿ ಓದಿದವಳು, ದನಿ ಏರಿಸಲಿಲ್ಲ. ಸ್ಮಾಲ್ ಎಂಬ ಹೆಸರು ತೆಗೆದು ಎಕ್ಸಿಕ್ಯುಟಿವ್ ಎಂದು ಹಾಕಿದೆ. ಅಳತೆ ಅದೇ. ಸಂಜೆಯೊಳಗೆ ಸುರೇಶ್ ಅದನ್ನೇ ಕೇಳಿಕೊಂಡು ಬಂದರು, ಹಿಂದೆಯೇ ಉಳಿದವರೂ ಬಂದರು. ಮೆಮೊರಿ ಎಷ್ಟೆಂದು ಯಾರೂ ವಿಚಾರಿಸಲಿಲ್ಲ. ಲ್ಯಾಬ್‌ಗೆ ಜಾಗ ಸಿಕ್ಕಿತು.

ಮರುದಿನ ಮ್ಯಾನೇಜರೇ ಬಂದು ತಮಗೂ ಒಂದು ಎಕ್ಸಿಕ್ಯುಟಿವ್ ಬೇಕೆಂದರು.

"ಅದಕ್ಕೆ ಮೇಲಿನವರ ಶಿಫಾರಸು ಬೇಕಾಗುತ್ತದೆ, ಸರ್" ಎಂದೆ.

ತಂದುಕೊಟ್ಟರು.