ಹುಂಜಣ್ಣನ ಗಂಟಲು

ಊರಿನವರು ಅವನನ್ನು ಹುಂಜಣ್ಣ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೆಳಗಿನ ರೇಡಿಯೋ ಕಾರ್ಯಕ್ರಮವನ್ನು ಅವನು ಶುರು ಮಾಡುತ್ತಿದ್ದದ್ದೇ ಒಂದು ನಗುವಿನಿಂದ. ಕೋಳಿ ಕೂಗಿದಂತೆ ಏರುತ್ತಾ ಹೋಗಿ, ತುತ್ತತುದಿಯಲ್ಲಿ ಒಡೆದು, ಗಲಗಲನೆ ಕೆಳಗೆ ಉದುರುವ ನಗು. ಅದನ್ನು ಕೇಳಿ ಕೆಲವರು ಬೈಯುತ್ತಲೇ ಏಳುತ್ತಿದ್ದರು. ಹೇಗೋ, ಎದ್ದದ್ದಂತೂ ನಿಜ.

ಅವನೇನೂ ನಗಿಸಲೆಂದೇ ಹುಟ್ಟಿದವನಲ್ಲ. ಮೊದಲು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವ ಕೆಲಸದಲ್ಲಿದ್ದ. ಒಂದು ಬೆಳಿಗ್ಗೆ ಬರಬೇಕಾದ ಬಸ್ಸು ಎಷ್ಟು ಹೊತ್ತಾದರೂ ಬರಲಿಲ್ಲ. ಜನ ಅವನ ಕಿಟಕಿಗೆ ಮುತ್ತಿಗೆ ಹಾಕಿ, ಬಸ್ಸನ್ನು ಇವನೇ ಜೇಬಿನಲ್ಲಿ ಇಟ್ಟುಕೊಂಡಿದ್ದಾನೇನೋ ಎಂಬಂತೆ ಜಗಳಕ್ಕೆ ನಿಂತರು. ಅವನಿಗೆ ಅದೇನು ತೋಚಿತೋ, ಮೈಕಿಗೆ ಬಾಯಿ ಹಚ್ಚಿದ.

"ಪ್ರಯಾಣಿಕರ ಗಮನಕ್ಕೆ. ಬಸ್ಸು ಬರುತ್ತೆ, ಬರುತ್ತೆ ಅಂತ ನಾನು ಬೆಳಗ್ಗಿಂದ ಹೇಳ್ತಾನೇ ಇದೀನಿ. ನಿಮಗೆ ಕೇಳಿಸ್ತಾ ಇದೆ, ಬಸ್ಸಿಗೆ ಕೇಳಿಸ್ತಾ ಇಲ್ಲ. ಡ್ರೈವರ್ ಹೆಂಡತಿ ಪರಿಚಯ ಇರೋರು ಯಾರಾದ್ರೂ ಇದ್ರೆ ದಯವಿಟ್ಟು ಅವರಿಗೆ ಫೋನ್ ಮಾಡಿ. ಅವರು ಒಂದು ಮಾತು ಗದರಿದ್ರೆ ಬಸ್ಸು ತಾನಾಗೇ ಹೊರಡುತ್ತೆ."

ನಿಲ್ದಾಣವೆಲ್ಲ ಗೊಳ್ಳೆಂದಿತು. ಮೇಲಧಿಕಾರಿ ಒಳಗೆ ಕರೆದು ಚೆನ್ನಾಗಿ ಉಗಿದರು. ಆದರೆ ಬಸ್ಸಿಲ್ಲದೆ ಸಿಕ್ಕಿಬಿದ್ದವರಲ್ಲಿ ರೇಡಿಯೋ ಕೇಂದ್ರದ ಒಬ್ಬ ಮೇಡಂ ಇದ್ದರು. ಬೆಳಗಿನ ಕಾರ್ಯಕ್ರಮದ ಹೊಣೆ ಅವರದು. ಅವರು ಕಿಟಕಿಯ ಹತ್ತಿರ ಬಂದು, "ಇದನ್ನೇ ದಿನಾ ಬೆಳಗ್ಗೆ ನಮ್ಮಲ್ಲಿ ಬಂದು ಹೇಳ್ತೀರಾ?" ಎಂದು ಕೇಳಿದರು.

"ಬಸ್ಸು ದಿನಾ ತಡ ಆಗಲ್ವಲ್ಲ ಮೇಡಂ?"

"ಇನ್ನೇನಾದ್ರೂ ತಡ ಆಗಿರುತ್ತೆ. ಬನ್ನಿ."

ಹೋದ. ಬೇಗನೆ ಹೆಸರೂ ಮಾಡಿದ. ಅವನ ಕಾರ್ಯಕ್ರಮದಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಹೊದಿಕೆ ಭಾವನಿಗಾಗಿ. ಹಾಸಿಗೆ ಬಿಟ್ಟು ಏಳದ ಈ ಭಾವನನ್ನು ಹುಂಜಣ್ಣನೇ ಹುಟ್ಟಿಸಿಕೊಂಡಿದ್ದ. ದಿನವೂ ಅವನಿಗೆ ಫೋನ್ ಮಾಡುವುದು, ಅವನು ಹೊಸದೊಂದು ನೆಪ ಹೇಳುವುದು. ಎರಡೂ ದನಿ ಇವನದೇ. "ನಾನಂತೂ ಎದ್ದು ಕೂತಿದೀನಿ ಕಣೋ, ಹೊದಿಕೆಗೇ ಇನ್ನೂ ಎಚ್ಚರ ಆಗಿಲ್ಲ" ಎಂಬ ಭಾವನ ಮಾತು ಊರಿನ ಶಾಲಾ ಮಕ್ಕಳ ಬಾಯಲ್ಲೆಲ್ಲ ಓಡಾಡುತ್ತಿತ್ತು.

ಆದರೆ ಹುಂಜಣ್ಣನಿಗೆ ಒಂದು ಕೊರಗಿತ್ತು. ರೇಡಿಯೋದಲ್ಲಿ ನಗಿಸುವವನಿಗೆ ನಗು ಕೇಳಿಸುವುದಿಲ್ಲ. ಸ್ಟುಡಿಯೋ ಎಂದರೆ ಗೋಡೆಗೆಲ್ಲ ಬಟ್ಟೆ ಹೊದಿಸಿದ ಕೋಣೆ. ಅಲ್ಲಿ ಕೆಮ್ಮಿದರೂ ಶಬ್ದ ಇಂಗಿಹೋಗುತ್ತಿತ್ತು. ಗಾಜಿನಾಚೆ ಸೌಂಡ್ ನೋಡಿಕೊಳ್ಳುವವನು ಸಾವಿನ ಮನೆಗೆ ಬಂದವನಂತೆ ಕೂತಿರುತ್ತಿದ್ದ. ನಗುವೇ ಬರಲ್ವಾ ಎಂದು ಒಮ್ಮೆ ತಡೆಯಲಾರದೆ ಕೇಳಿದ್ದಕ್ಕೆ, "ನಾನು ಮೀಟರಿನ ಮುಳ್ಳು ನೋಡ್ತಿರ್ತೀನಿ ಸಾರ್, ಮಾತು ಕೇಳಲ್ಲ" ಎಂದಿದ್ದ. ಮನೆಗೆ ಬಂದರೆ ಹೆಂಡತಿಯದೂ ಅದೇ ಕಥೆ.

"ಇವತ್ತು ಹೇಗಿತ್ತು?"

"ಚೆನ್ನಾಗಿತ್ತು. ಕೈ ತೊಳ್ಕೊಳ್ಳಿ."

ಜೊತೆಗಿದ್ದ ಅತ್ತೆಯ ದೂರು ಬೇರೆ. "ಅಳಿಯಂದಿರು ಇಲ್ಲದ ಭಾವನ್ನೆಲ್ಲ ಹುಟ್ಟಿಸ್ಕೊಂಡು ಆಡ್ಕೋತಾರೆ. ಇರೋ ಅತ್ತೆ ಬಗ್ಗೆ ಒಂದೇ ಒಂದು ಮಾತಿಲ್ಲ!"

ಹೀಗೆ ವರ್ಷಗಳು ಉರುಳಿದವು. ಆಮೇಲೆ ಆ ನಗು ತುತ್ತತುದಿಯಲ್ಲಿ ಒಡೆಯುವ ಬದಲು ಅಲ್ಲೇ ಸಿಕ್ಕಿಕೊಳ್ಳತೊಡಗಿತು. ಬಿಸಿನೀರು ಕುಡಿದ, ಉಪ್ಪುನೀರು ಮುಕ್ಕಳಿಸಿದ, ಯಾರಿಗೂ ಹೇಳದೆ ದಿನ ದೂಡಿದ. ಕೊನೆಗೊಂದು ಬೆಳಿಗ್ಗೆ ಹೊದಿಕೆ ಭಾವ "ಹಲೋ" ಎಂದವನು ಮುಂದೆ ಏನೂ ಹೇಳಲಿಲ್ಲ. ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಮೇಡಂ ಗಾಬರಿಯಿಂದ ಹಾಡು ಹಾಕಿಸಿದರು.

ಡಾಕ್ಟರು ಮೂಗಿನಿಂದ ಸಣ್ಣ ಕೊಳವೆ ಇಳಿಸಿ ನೋಡಿ, ಗಂಟಲಲ್ಲಿ ಒಂದು ಗಂಟಿದೆ ಎಂದರು. "ತೆಗೆದು ಪರೀಕ್ಷೆಗೆ ಕಳಿಸೋಣ. ಅದು ಎಂಥದು ಅಂತ ಈಗಲೇ ಹೇಳೋಕಾಗಲ್ಲ. ತೆಗೆದ ಮೇಲೆ ಮಾತು ಪೂರ್ತಿ ಬಂದ್. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು."

ಗಂಟು ತೆಗೆದದ್ದಾಯಿತು. ಹುಂಜಣ್ಣ ಮೂಕನಾಗಿ ಮನೆ ಸೇರಿದ. ಅತ್ತೆ ಅವನ ಎದುರು ಕುರ್ಚಿ ಎಳೆದುಕೊಂಡು, ತಮ್ಮ ಮದುವೆಯಲ್ಲಿ ಯಾರು ಯಾರು ಮುನಿಸಿಕೊಂಡರು ಎಂಬಲ್ಲಿಂದ ಶುರು ಮಾಡಿದರು. ಅಡ್ಡ ಬಾಯಿ ಹಾಕದೆ ಕೇಳುವವರು ಅವರಿಗೆ ಸಿಕ್ಕಿದ್ದು ಅದೇ ಮೊದಲು. ಅವನು ತಲೆಯಾಡಿಸುತ್ತಿದ್ದ; ಮನಸ್ಸು ಮಾತ್ರ ಪರೀಕ್ಷೆಗೆ ಹೋದ ಗಂಟಿನ ಹಿಂದೆಯೇ ಅಲೆಯುತ್ತಿತ್ತು.

ಮರುದಿನ ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಹೋಗಲು ಕೆಲಸವಿರಲಿಲ್ಲ. ಸುಮ್ಮನೆ ಮಲಗಿದ್ದಾಗ ಅಡುಗೆಮನೆಯಿಂದ ಅವನದೇ ದನಿ ಸಣ್ಣಗೆ ಕೇಳಿಸಿತು. ಮೇಡಂ ಹಳೆಯ ಕಾರ್ಯಕ್ರಮಗಳನ್ನು ಮತ್ತೆ ಹಾಕಿಸುತ್ತಿದ್ದರು. ಜೊತೆಗೇ ಇನ್ನೊಂದು ಶಬ್ದ. ಅವನು ಎದ್ದು ಬಾಗಿಲ ಬಳಿ ಹೋಗಿ ನಿಂತ. ಹೆಂಡತಿ ಪಾತ್ರೆ ತೊಳೆಯುವುದನ್ನು ಬಿಟ್ಟು, ಒದ್ದೆ ಕೈಯಲ್ಲೇ ಕಟ್ಟೆ ಹಿಡಿದುಕೊಂಡು, ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ನಗುನಗುತ್ತಲೇ ಕಣ್ಣೊರೆಸಿಕೊಂಡಳು. ಆ ಕಣ್ಣೀರೆಲ್ಲ ನಗುವಿನದಲ್ಲ ಎಂದು ಅವನಿಗೆ ತಿಳಿಯಿತು.

ಅವಳು ತಿರುಗಿ ನೋಡಿದಳು. ಅವನು ರೇಡಿಯೋ ತೋರಿಸಿ, ಆಮೇಲೆ ಅವಳನ್ನು ತೋರಿಸಿ, ದಿನವೂ ಹೀಗೇನಾ ಎಂದು ಕೈ ಆಡಿಸಿ ಕೇಳಿದ.

"ಹೂಂ, ದಿನಾ," ಎಂದಳು ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ. "ನಿಮ್ಮೆದುರು ನಕ್ಕರೆ ಮನೇಲೂ ಶುರು ಹಚ್ಕೊಂಡ್ಬಿಡ್ತೀರ ಅಂತ ಸುಮ್ಮನಿರ್ತಿದ್ದೆ."

ಅಂದಿನಿಂದ ಕಾರ್ಯಕ್ರಮದ ಹೊತ್ತಿಗೆ ಅವನು ಬೀದಿ ಸುತ್ತತೊಡಗಿದ. ಅಷ್ಟು ವರ್ಷ ಆ ಹೊತ್ತಿನ ಊರನ್ನು ಅವನು ನೋಡಿಯೇ ಇರಲಿಲ್ಲ. ಒಂದು ಕಿಟಕಿಯಲ್ಲಿ ಅರ್ಧ ಉಳಿದ ರೇಡಿಯೋ ಮಾತು ಪಕ್ಕದ ಕಿಟಕಿಯಲ್ಲಿ ಮುಗಿಯುತ್ತಿತ್ತು. ಇಸ್ತ್ರಿ ಮಾಡುವವನು ಭಾವನ ನೆಪಕ್ಕೆ ಕಾಯುತ್ತಾ ಪೆಟ್ಟಿಗೆಯನ್ನು ಬಟ್ಟೆಯಿಂದ ಮೇಲೆತ್ತಿ ಹಿಡಿದಿದ್ದ. ಮನೆಯಿಂದ ದೂರದ ಒಂದು ಬೀದಿಯಲ್ಲಿ ಕ್ಷೌರದಂಗಡಿ ಕಂಡಿತು. ಒಳಗೆ ಹೋಗಿ, ಗಂಟಲು ಮುಟ್ಟಿ ತೋರಿಸಿ, ಕುರ್ಚಿಯಲ್ಲಿ ಕೂತ. ಮಾತಿಲ್ಲದ ಹುಂಜಣ್ಣನನ್ನು ಗುರುತಿಸುವುದು ಯಾರಿಂದಲೂ ಆಗದ ಮಾತು.

ಕ್ಷೌರಿಕ ಕೆನ್ನೆಗೆ ನೊರೆ ಹಚ್ಚಿ, ಎರಡೆಳೆ ಹೆರೆದು, ಥಟ್ಟನೆ ಕತ್ತಿ ದೂರ ಹಿಡಿದ.

"ಸ್ವಲ್ಪ ತಡೀರಿ ಸ್ವಾಮಿ. ಈಗ ಭಾವ ಮಾತಾಡ್ತಾನೆ. ನಕ್ಕು ಕೈ ನಡುಗಿದ್ರೆ ನಿಮ್ಮ ಕೆನ್ನೆ ಹೋಗುತ್ತೆ." ಭಾವ ಮಾತಾಡಿದ, ಕ್ಷೌರಿಕ ಮನಸಾರೆ ನಕ್ಕ, ಮತ್ತೆ ಕತ್ತಿ ಹಿಡಿದ. "ಪಾಪ, ಇವನಿಗೆ ಏನೋ ಆಗಿದೆ, ಬರೀ ಹಳೇದು ಹಾಕ್ತಿದಾರೆ. ಒಳ್ಳೆ ಮನುಷ್ಯ. ಆದ್ರೆ ಒಂದು ಮಾತು ಹೇಳ್ತೀನಿ, ಆ ಕೋಳಿ ನಗು ಮಾತ್ರ ಸ್ವಲ್ಪ ಅತಿ. ಭಾವ ಸಾಕು ನಮಗೆ."

ಕುರ್ಚಿಯಲ್ಲಿದ್ದವನು ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಂಡ. ಗಂಟಲು ಹರಿದುಕೊಂಡು ಇಷ್ಟು ವರ್ಷ ನಕ್ಕ ನಗು, ಯಾರೂ ಬೇಕೆಂದು ಕೇಳದೇ ಇದ್ದ ನಗು! ಸಿಟ್ಟು ಬರಬೇಕಿತ್ತು. ಅದರ ಬದಲು ಮೈಯೆಲ್ಲ ಸಡಿಲವಾಯಿತು. ಅವನು ಸದ್ದಿಲ್ಲದೆ ನಗತೊಡಗಿದಾಗ ಕ್ಷೌರಿಕ ಮತ್ತೆ ಕತ್ತಿ ದೂರ ಹಿಡಿಯಬೇಕಾಯಿತು.

ಪರೀಕ್ಷೆಯ ಫಲ ಬಂದ ದಿನ ಹೆಂಡತಿ ಅವನ ತೋಳು ಬಿಗಿಯಾಗಿ ಹಿಡಿದುಕೊಂಡೇ ಡಾಕ್ಟರ ಮುಂದೆ ಕೂತಳು. ಡಾಕ್ಟರು ಕಾಗದ ಓದಿ ತಲೆಯೆತ್ತಿದರು.

"ಕೆಟ್ಟದ್ದೇನೂ ಇಲ್ಲ. ಕಿರುಚಿ ಕಿರುಚಿ ಬಂದ ಗಂಟು, ಅಷ್ಟೇ."

ಹೆಂಡತಿಯ ಹಿಡಿತ ಸಡಿಲವಾಯಿತು. "ನಾನು ಬಡ್ಕೊಂಡೆ, ಅಷ್ಟು ಜೋರಾಗಿ ಕೂಗ್ಬೇಡಿ ಅಂತ!" ಎಂದು ಗದರಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನಿಗಂತೂ ಎದೆಯ ಮೇಲಿನ ಬಂಡೆ ಇಳಿದಂತಾಯಿತು.

"ಇನ್ನು ಮಾತಾಡಬಹುದು, ಮೆಲ್ಲಗೆ," ಎಂದರು ಡಾಕ್ಟರು. "ಹಳೇ ಏರುದನಿ ಬರಲ್ಲ. ಕೂಗಲೂಬೇಡಿ."

"ಆಗ್ಲಿ ಡಾಕ್ಟ್ರೇ," ಎಂದ. ಮರಳಿನ ಮೇಲೆ ಬುಟ್ಟಿ ಎಳೆದಂಥ ಒರಟು ದನಿ. ಹೆಂಡತಿ ಸೆರಗು ಸರಿಸಿ, ಬೇರೆ ಯಾರಾದರೂ ಒಳಗೆ ಬಂದರೇನೋ ಎಂದು ಬಾಗಿಲ ಕಡೆ ನೋಡಿದಳು.

ಕೆಲಸಕ್ಕೆ ಮರಳಿದ ಬೆಳಿಗ್ಗೆ ಮೇಡಂ, "ನಗು ಬೇಡ, ಸುಮ್ಮನೆ ಮಾತಾಡಿ" ಎಂದು ಬೆನ್ನು ತಟ್ಟಿದರು. ಮೊದಲ ಕರೆ ಒಬ್ಬ ಅಜ್ಜಿಯದು.

"ಯಾರಪ್ಪ ನೀನು? ನಮ್ಮ ಹುಂಜಣ್ಣ ಎಲ್ಲಿ?"

"ನಾನೇ ಅಜ್ಜಿ, ಹುಂಜಣ್ಣ."

"ಸುಳ್ಳು ಹೇಳ್ಬೇಡ. ಅವನ ದನಿ ನನಗೆ ಗೊತ್ತಿಲ್ವಾ? ನೀನು ಅವನ ಅಣ್ಣ ಇರ್ಬೇಕು."

ಅವನು ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದ. "ಹೌದಜ್ಜಿ, ಅಣ್ಣನೇ," ಎಂದ. "ತಮ್ಮ ಇಷ್ಟು ವರ್ಷ ಊರನ್ನೆಲ್ಲ ಎಬ್ಬಿಸಿ ಎಬ್ಬಿಸಿ ಸುಸ್ತಾಗಿ, ಈಗ ಭಾವನ ಪಕ್ಕದಲ್ಲೇ ಮಲಗಿಬಿಟ್ಟಿದಾನೆ. ಒಂದೇ ಹೊದಿಕೆಗೆ ಇಬ್ಬರೂ ಜಗಳ."

ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಿದ್ದು ಊರಿಗೆಲ್ಲ ಕೇಳಿಸಿತು.

ಹೀಗೆ ಅವನು ದೊಡ್ಡಣ್ಣನಾದ. ಅವಸರವಿಲ್ಲದ ಆ ಒರಟು ದನಿ ಬೆಳಗಿನ ಹೊತ್ತಿಗೆ ಇನ್ನೂ ಚೆನ್ನಾಗಿ ಒಗ್ಗಿತು. ಮುಂದೆ ಬಹಳ ವರ್ಷ ಅದೇ ದನಿಯಲ್ಲಿ ಊರನ್ನು ಎಬ್ಬಿಸಿದ. ವಾರದಲ್ಲಿ ಕೆಲವು ದಿನ ಮೊದಲೇ ಮಾತಾಡಿ ರೆಕಾರ್ಡ್ ಮಾಡಿಟ್ಟು ಬರಲು ಮೇಡಂ ಒಪ್ಪಿದರು. ಅಂಥ ಬೆಳಿಗ್ಗೆ ಅವನು ಹೆಂಡತಿ ನಗುವುದನ್ನು ಕೇಳಲೆಂದು ಅಡುಗೆಮನೆಯಲ್ಲೇ ಮಣೆ ಹಾಕಿಕೊಂಡು ಕೂರುತ್ತಿದ್ದ. ಹೆಂಡತಿ ತೊಳೆದ ಪಾತ್ರೆಗಳನ್ನು ಒರೆಸಿ ಜೋಡಿಸುವುದು ಅವನ ಪಾಲಿನ ಕೆಲಸ.