ಗುಡ್ಡದ ಸಾಲಿಗೊಬ್ಬಳು ಕಾವಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫೋಟೊ ಸ್ಟುಡಿಯೊದ ಮೇಲಿನ ಕೋಣೆಯಲ್ಲಿ, ಗಂಡ ಒಗೆದು ಹರವಿರುವ ನೀಲಿ ಪರದೆಯ ಪಕ್ಕ, ಆಕೆ ಕಂಪ್ಯೂಟರ್ ಮುಂದೆ ಕೈಕಟ್ಟಿ ಕುಳಿತಿದ್ದಾರೆ. ಸ್ಕ್ರೀನಿನಲ್ಲಿ ಏನೂ ನಡೆಯುತ್ತಿಲ್ಲ. ಒಳಗಿನ ಫ್ಯಾನ್ ಮಾತ್ರ ಏದುಸಿರು ಬಿಡುತ್ತಿದೆ. ಕಿಟಕಿಯ ನಸುಬೆಳಕು ಪರದೆಗೆ ತಾಗಿ ಕೋಣೆಯಿಡೀ ತಿಳಿನೀಲಿಯಾಗಿ ತೇಲುತ್ತಿದೆ. “ಸಿಕ್ಕಾಕೊಂಡ್ತು,” ಎಂದು ಆಕೆ ಮೆಲ್ಲಗೆ ನಗುತ್ತಾರೆ. ಕಂಪ್ಯೂಟರ್ ಕೈಕೊಟ್ಟಿತೆಂದು ಖುಷಿಪಡುವವರನ್ನು ನಾನು ನೋಡುತ್ತಿರುವುದು ಇದೇ ಮೊದಲು.

ಸಹೋದ್ಯೋಗಿಗಳು ಇವರನ್ನು ಕೊಂಕಕ್ಕ ಎನ್ನುತ್ತಾರೆ. ಎಲ್ಲದರಲ್ಲೂ ಕೊಂಕು ತೆಗೆಯುವುದೇ ಇವರ ಉದ್ಯೋಗ. ಸಾಫ್ಟ್‌ವೇರ್ ಬರೆಯುವವರು ಪ್ರತಿಯೊಂದನ್ನೂ ತಾವೇ ಬರೆಯುವುದಿಲ್ಲ. ಎಲ್ಲರಿಗೂ ಬೇಕಾಗುವ ಸಣ್ಣಪುಟ್ಟ ಕೆಲಸಗಳನ್ನು ಯಾರೋ ಮೊದಲೇ ಬರೆದು ಇಟ್ಟಿರುತ್ತಾರೆ, ಉಳಿದವರು ಎತ್ತಿ ಬಳಸುತ್ತಾರೆ. ಅಂಥ ಸಂಗ್ರಹಕ್ಕೆ ಲೈಬ್ರರಿ ಎಂದು ಹೆಸರು. ಅದರಲ್ಲಿ ಪಟ್ಟಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸುವ ಒಂದು ತುಣುಕು ಇವರ ಸುಪರ್ದಿಗೆ ಬಂದಿದೆ.

“ಸಾಮಾನ್ಯವಾಗಿ ಎಷ್ಟು ಬೇಗ ಜೋಡಿಸುತ್ತೆ ಅಂತ ಎಲ್ಲರೂ ಕೇಳ್ತಾರೆ. ಅದರ ಗ್ರಹಚಾರ ಕೆಟ್ಟ ದಿನ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಕೇಳೋಳು ನಾನೊಬ್ಬಳೇ. ಅದಕ್ಕೇ ಮೀಟಿಂಗಿನಲ್ಲಿ ನಾನು ಬಾಯಿ ತೆಗೆದ್ರೆ ಎಲ್ಲರೂ ಗಡಿಯಾರ ನೋಡ್ತಾರೆ.”

ಆ ಕೆಟ್ಟ ದಿನ ಹೇಗಿರುತ್ತದೆ ಎಂದು ಕೇಳಿದರೆ ಗೋಡೆಯ ಮೇಲಿನ ಫೋಟೊಗಳತ್ತ ಕೈ ತೋರಿಸುತ್ತಾರೆ. ಎಲ್ಲವೂ ಗಂಡ ತೆಗೆದ ಗ್ರೂಪ್ ಫೋಟೊಗಳು: ಎತ್ತರದವರು ನಡುವೆ, ಕುಳ್ಳರು ಎರಡೂ ತುದಿಗೆ, ಒಂದೊಂದು ಸಾಲೂ ಒಂದೊಂದು ಗುಡ್ಡ. ಇವರ ತುಣುಕೂ ಫೋಟೊಗ್ರಾಫರನಂತೆ ಎತ್ತರ ನೋಡಿ ನಿಲ್ಲಿಸುತ್ತದೆ, ಆದರೆ ಕುಳ್ಳರಿಂದ ಎತ್ತರದವರವರೆಗೆ ಒಂದೇ ಏರಿಗೆ. ಸಾಲಿನ ಮೊದಲನೆಯವರು, ನಡುವಿನವರು, ಕೊನೆಯವರು, ಈ ಮೂವರಲ್ಲಿ ಮಧ್ಯಮ ಎತ್ತರದವರನ್ನು ಆರಿಸುತ್ತದೆ. ಅವರಿಗಿಂತ ಕುಳ್ಳರನ್ನು ಎಡಕ್ಕೆ, ಎತ್ತರದವರನ್ನು ಬಲಕ್ಕೆ ಕಳಿಸುತ್ತದೆ. ಆಮೇಲೆ ಎರಡೂ ಕಡೆ ಮತ್ತೆ ಹಾಗೆಯೇ. ಸಾಲು ಹೇಗೆಂದರೆ ಹಾಗಿದ್ದರೆ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಗುಡ್ಡದಂತೆ ನಿಂತಿದ್ದರೆ ಮಾತ್ರ ಫಜೀತಿ. ತುದಿಗಳಲ್ಲಿ ಇಬ್ಬರೂ ಕುಳ್ಳರು, ಹಾಗಾಗಿ ಆರಿಸಿ ಬರುವವರೂ ಕುಳ್ಳರೇ. ಇಡೀ ಸಾಲು ಬಲಕ್ಕೆ ಹೋಗಿ ನಿಲ್ಲುತ್ತದೆ. ಪ್ರತಿ ಸುತ್ತಿನಲ್ಲೂ ಒಬ್ಬಿಬ್ಬರಿಗಷ್ಟೇ ಜಾಗ ಸಿಗುತ್ತದೆ. ಸಾಲು ದೊಡ್ಡದಾದರೆ ಯಂತ್ರ ತಿರುಗುತ್ತಲೇ ಇರುತ್ತದೆ.

“ಇವಳ ಶತ್ರುವನ್ನ ದಿನಾ ನಿಲ್ಲಿಸಿ ಫೋಟೊ ತೆಗೀತೀನಿ ನಾನು,” ಎನ್ನುತ್ತಾರೆ ಚಹಾ ತಂದ ಗಂಡ. “ಸುಮ್ನಿರಿ, ಅದಕ್ಕೇ ಮದುವೆಯಾಗಿದ್ದು,” ಎಂದು ಇವರು ಲೋಟ ತೆಗೆದುಕೊಳ್ಳುತ್ತಾರೆ.

ತಮಾಷೆಯ ಹಿಂದೆ ಒಂದು ಸಂಕಟವಿದೆ. ಇವರ ನಾದಿನಿ ರಕ್ತನಿಧಿಯಲ್ಲಿ ಫೋನ್ ಮಾಡುವ ಕೆಲಸದಲ್ಲಿದ್ದಾಳೆ. ಆಸ್ಪತ್ರೆಗೆ ರಕ್ತ ಬೇಕಾದಾಗ ದಾನಿಗಳ ದೊಡ್ಡ ಪಟ್ಟಿಯನ್ನು ಹತ್ತಿರದಿಂದ ದೂರಕ್ಕೆ ಜೋಡಿಸಿ, ಮೇಲಿನ ಹೆಸರಿನಿಂದ ಕರೆ ಮಾಡುತ್ತಾ ಹೋಗಬೇಕು. ಅಲ್ಲಿಗೆ ಎರಡು ಕಚೇರಿಗಳಿಂದ ಪಟ್ಟಿ ಬರುತ್ತದೆ. ಒಂದರಲ್ಲಿ ಹತ್ತಿರದವರು ಮೊದಲು, ಇನ್ನೊಂದರಲ್ಲಿ ದೂರದವರು ಮೊದಲು. ಎರಡನ್ನೂ ಅಂಟಿಸಿದರೆ ಥೇಟ್ ಗುಡ್ಡ. ಇಬ್ಬರೂ ಗುಮಾಸ್ತರು ಅಚ್ಚುಕಟ್ಟಿನವರೇ, ತಪ್ಪು ಯಾರದ್ದೂ ಅಲ್ಲ. ಒಮ್ಮೆ ಹೆರಿಗೆಯಾದ ತಾಯಿಯೊಬ್ಬರಿಗೆ ರಕ್ತ ಬೇಕಾದಾಗ ಸ್ಕ್ರೀನ್ ನಿಂತುಹೋಯಿತು. ನಾದಿನಿ ನೆನಪಿಗೆ ಬಂದವರಿಗೆಲ್ಲ ಫೋನ್ ಹಚ್ಚಿದಳು. ತಾಯಿ ಉಳಿದರು.

“ಮನೆಗೆ ಬಂದವಳು ಊಟ ಮಾಡ್ಲಿಲ್ಲ. ‘ಹಾಳಾದ ಕಂಪ್ಯೂಟರ್, ಅತ್ತಿಗೆ’ ಅಂತ ಒಂದೇ ಸಮ ಅಳ್ತಿದ್ಲು. ಒಳಗಿರೋದು ನಮ್ಮದೇ ತುಣುಕು ಅಂತ ನನಗೆ ಗೊತ್ತು. ಅನ್ನ ಬಡಿಸೋದನ್ನ ಅಲ್ಲಿಗೇ ಬಿಟ್ಟು ಕಂಪ್ಯೂಟರ್ ಹಾಕ್ದೆ.”

ಅಂದಿನಿಂದ ಆ ತುಣುಕಿನೊಳಗೆ ಇವರು ಇಟ್ಟ ಕಾವಲಿದೆ. ಸುತ್ತುಗಳು ಅತಿಯಾದರೆ ಅದು ತಡೆದು, ನಿಧಾನವಾದರೂ ನೆಟ್ಟಗೆ ನಡೆಯುವ ಬೇರೊಂದು ವಿಧಾನಕ್ಕೆ ಕೆಲಸ ಒಪ್ಪಿಸುತ್ತದೆ. ಈಗ ಆ ಕಾವಲಿಗೇ ಕುತ್ತು ಬಂದಿದೆ. ವೇಗಕ್ಕೆ ಹೆಸರಾದ ಹಿರಿಯ ಸಹೋದ್ಯೋಗಿಯೊಬ್ಬರು ಕಾವಲಿಲ್ಲದ ಹೊಸ ತುಣುಕು ಬರೆದಿದ್ದಾರೆ. ಅದು ದಿನನಿತ್ಯದ ಕೆಲಸದಲ್ಲಿ ಒಂದು ಕೂದಲೆಳೆಯಷ್ಟು ಚುರುಕು. ತೀರ್ಮಾನ ಇವತ್ತೇ. ಬೆಳಗ್ಗೆ ಸಿಕ್ಕಿಹಾಕಿಕೊಂಡದ್ದು ಆ ಹೊಸ ತುಣುಕು.

ಮೀಟಿಂಗ್ ಶುರುವಾಗುತ್ತದೆ. ಸ್ಕ್ರೀನಿನಲ್ಲಿ ಹಲವು ಮುಖಗಳು, ಹಲವು ಊರುಗಳ ಬೇರೆ ಬೇರೆ ಬೆಳಕು. ಇವರು ಗುಡ್ಡದ ಸಾಲನ್ನು ಕಳಿಸಿ, ಓಡಿಸಿ ನೋಡಿ ಎನ್ನುತ್ತಾರೆ. ಎಲ್ಲರೂ ಕಾಯುತ್ತಾರೆ. ಒಬ್ಬರು ಕೆಮ್ಮುತ್ತಾರೆ, ಯಾರದೋ ಮನೆಯಲ್ಲಿ ನಲ್ಲಿ ಸುರಿಯುತ್ತದೆ. ನನ್ನ ಕಣ್ಣಿಗೂ ಜೋಂಪು ಹತ್ತಿದಂತಾಗುತ್ತದೆ.

“ಸರಿ, ನಿಂತಿತು. ಆದ್ರೆ ಇಂಥ ಸಾಲನ್ನ ಯಾರು ತಂದು ಕೊಡ್ತಾರೆ, ಮೇಡಂ?” ಎಂದು ಹಿರಿಯರು ಕೇಳುತ್ತಾರೆ.

“ನನ್ನ ನಾದಿನಿ, ಸರ್. ದಿನಾ.”

ರಕ್ತನಿಧಿಯ ಕಥೆಯನ್ನು ಇವರು ದನಿ ಏರಿಸದೆ ಹೇಳುತ್ತಾರೆ. ಹಿರಿಯರು ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾರೆ. “ನಂದು ಎರಡು ತಿಂಗಳ ಶ್ರಮ. ಹೊಟ್ಟೆ ಉರಿಯುತ್ತೆ. ಆದ್ರೂ ಕಾವಲು ಇರ್ಲಿ,” ಎನ್ನುತ್ತಾರೆ. ಬೇರೆ ಯಾರೂ ಎದುರಾಡುವುದಿಲ್ಲ. ಮುಖಗಳು ಒಂದೊಂದಾಗಿ ಆರುತ್ತವೆ.

ಮಧ್ಯಾಹ್ನ ನಾದಿನಿಯ ಫೋನ್. ಅಪರೂಪದ ಗುಂಪಿನ ರಕ್ತ ಬೇಕಿತ್ತಂತೆ, ಮೊದಲ ಹೆಸರಿನವರೇ ಸಿಕ್ಕರಂತೆ. ಅದು ಅವಳಿಗೆ ಸುದ್ದಿಯೇ ಅಲ್ಲ. ಹೊಸ ಚಪ್ಪಲಿ ಕಚ್ಚುತ್ತಿರುವ ಬಗ್ಗೆಯೇ ಹೆಚ್ಚು ಮಾತು. ಇವರು ಹೂಂಗುಟ್ಟುತ್ತಾ, “ಎಣ್ಣೆ ಹಚ್ಚೇ, ಸರಿಹೋಗುತ್ತೆ,” ಎಂದು ಫೋನ್ ಇಡುತ್ತಾರೆ.

ಬೆಳಗಿನ ವಿಷಯ ಅವಳಿಗೆ ಹೇಳಲಿಲ್ಲವೇಕೆ ಎಂದು ಕೇಳುತ್ತೇನೆ. ಈ ಲೇಖನವನ್ನಾದರೂ ಓದಬಹುದಲ್ಲ?

“ಅವಳು ಪೇಪರಿನಲ್ಲಿ ಪದಬಂಧ ಬಿಟ್ಟು ಬೇರೇನೂ ನೋಡಲ್ಲ ಬಿಡಿ,” ಎಂದು ನಗುತ್ತಾರೆ. ಆಮೇಲೆ ಹೇಳುತ್ತಾರೆ: “ನಮ್ಮ ಕೆಲಸ ಅವಳಿಗೆ ಕಾಣೋದು ಅದು ಕೆಟ್ಟು ನಿಂತ ದಿನ ಮಾತ್ರ. ಒಂದು ಸಲ ಕಂಡಾಯ್ತು. ಇನ್ನು ಅವಳ ಸರ್ವೀಸ್ ಮುಗಿಯೋವರೆಗೂ ನಾನು ಏನು ಮಾಡ್ತೀನಿ ಅಂತ ಅವಳಿಗೆ ಗೊತ್ತಾಗದೇ ಇರ್ಲಿ.”