ಹರಿವು ಗೋಡೆ ಬಿಡುವ ಜಾಗ

ಹರಪನಹಳ್ಳಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಲೇ ನಾನು ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೆ. ವಿಷಯ ಬೌಂಡರಿ ಲೇಯರ್. ಹರಿಯುವ ನೀರು ಗೋಡೆಗೆ ತಾಗಿದಲ್ಲಿ ನಿಂತೇ ಇರುತ್ತದೆ, ಸ್ವಲ್ಪ ಆಚೆಗೆ ಪೂರ್ತಿ ವೇಗದಲ್ಲಿರುತ್ತದೆ. ನಡುವಿನ ತೆಳುಪದರದ ಸಮೀಕರಣವನ್ನು ನಿಖರವಾಗಿ ಬಿಡಿಸುವುದು ಕಷ್ಟ. ಅದಕ್ಕೇ ಎರಡೂ ತುದಿಗೆ ಹೊಂದುವ ಒಂದು ವಕ್ರರೇಖೆಯನ್ನು ಊಹಿಸಿಕೊಂಡು, ಪದರದ ಒಟ್ಟು ಲೆಕ್ಕ ಸರಿಹೋದರೆ ಸಾಕು ಎನ್ನುತ್ತೇವೆ. ಊಹೆ ಒರಟಾಗಿದ್ದರೂ ಉತ್ತರ ಹತ್ತಿರಕ್ಕೆ ಬರುತ್ತದೆ.

ಕೊನೆಯ ಅಧ್ಯಾಯವನ್ನು ಸೋಮವಾರ ಮಾರ್ಗದರ್ಶಕರಿಗೆ ಕೊಡಬೇಕಿತ್ತು. ತಪ್ಪಿದರೆ ನೋಂದಣಿಯೇ ರದ್ದು. ಶನಿವಾರ ಕೊಟ್ಟೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಕೂಡ್ಲಿಗಿಯಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ನನ್ನ ನಕ್ಷೆಗಳನ್ನು ತಿರುವಿದ.

“ಲೇ, ಮುಂದಕ್ಕ ಹೋದಂಗ ಒತ್ತಡ ಏರ್ತೈತಿ ಅಂತ ನೀನಾ ಬರ್ದೀಯಲ್ಲ?”

“ಹೌದು.”

“ಮತ್ತ ನಿನ್ನ ಹರಿವು ಗೋಡಿ ಬಿಡೋದು ಯಾವಾಗ? ಮಾವನ ಮನ್ಯಾಗ ಅಳಿಯ ಕುಂತಂಗ ಕುಂತೈತಿ, ಏಳವಲ್ದು!”

ನಕ್ಕೆ. ಆಮೇಲೆ ನಕ್ಷೆಯನ್ನು ನನ್ನತ್ತ ಎಳೆದುಕೊಂಡು ನೋಡಿದೆ. ಏರುವ ಒತ್ತಡಕ್ಕೆ ಎದುರಾದ ಆ ಹರಿವು ಒಂದು ಜಾಗದಲ್ಲಿ ಗೋಡೆ ಬಿಟ್ಟು ಏಳಬೇಕಿತ್ತು. ಒತ್ತಡ ಬದಲಾಗದ ಚಪ್ಪಟೆ ತಟ್ಟೆಗೆ ಹೊಂದುವ ಮೂರನೇ ಘಾತದ ವಕ್ರವನ್ನೇ ನಾನು ಇಲ್ಲಿಗೂ ತಂದಿದ್ದೆ. ಅದರ ಆಕಾರ ಎಲ್ಲಿಯೂ ಬದಲಾಗುವುದಿಲ್ಲ. ಗೋಡೆ ಬಿಡುವುದು ಅದರಿಂದ ಸಾಧ್ಯವೇ ಇಲ್ಲ.

“ಈ ಅಧ್ಯಾಯ ತೆಗದು ಬಿಡ್ಲೇನು?”

“ತೆಗದ್ರ ಉಳಿಯೋದು ಮುನ್ನುಡಿ ಅಷ್ಟ. ಒಂದು ಘಾತ ಏರ್ಸು, ಗೋಡಿ ಹತ್ರ ಒತ್ತಡದ ಷರತ್ತು ಹಾಕು. ಏಳಲೇ, ಬಸ್ ಬಂತು.”

ಭಾನುವಾರ ಪೂರ್ತಿ ಕೂತು ನಾಲ್ಕನೇ ಘಾತದಲ್ಲಿ ಮತ್ತೆ ಮಾಡಿದೆ. ಹರಿವು ಗೋಡೆ ಬಿಟ್ಟಿತು. ಆದರೆ ಹಿಂದಿನವರು ಕಷ್ಟಪಟ್ಟು ಬಿಡಿಸಿಟ್ಟ ನಿಖರ ಉತ್ತರ ಹೇಳುವ ಜಾಗವನ್ನು ದಾಟಿ, ಇನ್ನೂ ಸ್ವಲ್ಪ ಮುಂದೆ ಹೋಗಿ. ಆ ಅಂತರವನ್ನು ಮುಚ್ಚದೆ ಹಾಗೆಯೇ ಬರೆದುಕೊಟ್ಟೆ. ಮಾರ್ಗದರ್ಶಕರು ಆ ಪುಟವನ್ನು ನಿಧಾನವಾಗಿ ಓದಿ, “ಇದು ನಂಬೋ ಹಂಗೈತಿ, ಇರ್ಲಿ ಬಿಡ್ರಿ” ಎಂದರು.

ಪ್ರಬಂಧ ಸಲ್ಲಿಸಿ ಎಷ್ಟೋ ದಿನಗಳಾದ ಮೇಲೆ, ಈ ಘಟನೆಯನ್ನು ಬರೆಯುವ ಮುಂಚೆ, ಗೆಳೆಯನಿಗೆ ಫೋನ್ ಮಾಡಿದೆ. ಅವನ ಪ್ರಕಾರ ತಪ್ಪನ್ನು ಕಂಡವನು ನಾನೇ; ಅವನದು ಬರೀ ಚೇಷ್ಟೆ. ಹೋಟೆಲಿಗೆ ಹೋದದ್ದು ಖಚಿತ, ಸೋಮವಾರ ಅಧ್ಯಾಯ ಕೊಟ್ಟದ್ದೂ ಖಚಿತ. ನಡುವಿನ ಮಾತುಗಳನ್ನು ಈ ಎರಡು ತುದಿಗೆ ಹೊಂದುವಂತೆ ನಾನೇ ಎಳೆದಿರಬಹುದು. ಅಳಿಯನ ಮಾತಂತೂ ಅವನದೇ, ಅಷ್ಟನ್ನು ಅವನೂ ಒಪ್ಪಿದ.

“ಮತ್ತ ಕೃತಜ್ಞತೆ ಪುಟದಾಗ ನನ್ನ ಹೆಸರು ಯಾಕ ಹಾಕ್ದಿ? ನಾನು ಮಿರ್ಚಿ ತಿಂದೀನಿ ಅಷ್ಟಲೇ.”

ಪ್ರಬಂಧ ಅಷ್ಟೊತ್ತಿಗಾಗಲೇ ಬೈಂಡಾಗಿ ಗ್ರಂಥಾಲಯ ಸೇರಿತ್ತು.